5 ಕೆವಿಎ ಜನರೇಟರ್, 2 ಎಚ್‌ಪಿ ಕಂಪ್ರೆಸರ್, ಒಂದು ‘ಪುಸ್’

ಮೂರು ವಾರದಿಂದ ನನ್ನ ತಲೆ ತಿಂದ ಗಾಳಿ ಕಂಪ್ರೆಸರ್ ನಿನ್ನೆ ಸಂಜೆ ಜನರೇಟರ್ ಮೇಲೆ ಸತತ ಹತ್ತು ಸಲ ಸ್ಟಾರ್ಟ್ ಆಯಿತು. ವೈರಿಂಗ್, ಅರ್ಥಿಂಗ್, ಚೇಂಜ್‌ಓವರ್ ಸ್ವಿಚ್ ಎಲ್ಲ ನಿಮಗೆ ಗೊತ್ತಿರೋದೇ, ಅದನ್ನು ಬಿಡೋಣ. ಇವತ್ತಿನ ಕಥೆ ಬರೀ ‘ಹೂಂ...’ ಅನ್ನುವ ಒಂದು ಸದ್ದಿನದು.

ಜನರೇಟರ್ ತರುವಾಗ ನಾನು ಮಾಡಿದ ಲೆಕ್ಕ ಸುಲಭದ್ದು. ಮೋಟಾರ್ 2 ಎಚ್‌ಪಿ, ಸಿಂಗಲ್ ಫೇಸ್. ಓಡುವಾಗ 230 ವೋಲ್ಟ್‌ನಲ್ಲಿ ಹತ್ತು ಆಂಪಿಯರ್, ಗುಣಿಸಿ ಸಾವಿರದಿಂದ ಭಾಗಿಸಿದರೆ 2.3 ಕೆವಿಎ. ಜನರೇಟರ್ 5 ಕೆವಿಎ. ಅರ್ಧಕ್ಕರ್ಧ ಮಿಗುತ್ತೆ ಅಲ್ವಾ? ಮಿಗಲಿಲ್ಲ. ಜನರೇಟರ್ ಬಿಟ್ಟು ಲೈನ್ ಕರೆಂಟ್ ಮೇಲೆ ಓಡಿಸಿ, ಇನ್‌ರಶ್ (ಸ್ಟಾರ್ಟ್ ಆಗುವಾಗ ನುಗ್ಗುವ ಕರೆಂಟ್) ಹಿಡಿಯುವ ಕ್ಲಾಂಪ್ ಮೀಟರ್ ಹಾಕಿ ನೋಡಿದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ 60 ಆಂಪಿಯರ್. ಅಂದರೆ 13.8 ಕೆವಿಎ! ನೆಮಾ (ಅಮೆರಿಕದ ವಿದ್ಯುತ್ ಉಪಕರಣ ತಯಾರಕರ ಸಂಘ) ಪಟ್ಟಿಯಲ್ಲಿ ಎಚ್ ಅಕ್ಷರದ ಮೋಟಾರಿಗೆ ಸ್ಟಾರ್ಟ್ ಆಗಲು ಎಚ್‌ಪಿಗೆ 6.3ರಿಂದ 7.09 ಕೆವಿಎ ಅಂತಿದೆ. ನನ್ನದು 13.8ರ ಅರ್ಧ 6.9, ಅದರೊಳಗೇ ಬಂತು. ಇದನ್ನು ಮೊದಲೇ ಓದಬೇಕಿತ್ತು, ಓದಿರಲಿಲ್ಲ.

ಜನರೇಟರ್ ಅಷ್ಟನ್ನು ಕೊಡೋದಿಲ್ಲ. ಮೋಟಾರ್ ಕೇಳಿದ ತಕ್ಷಣ ಅದರ ವೋಲ್ಟೇಜ್ ಕುಸಿಯುತ್ತೆ. ನನ್ನದರಲ್ಲಿ 165ಕ್ಕೆ ಬಿತ್ತು, ಆಂಪಿಯರ್ 43. ಗುಣಿಸಿದರೆ ಏಳು ಕೆವಿಎ ಚಿಲ್ಲರೆ. ಟಾರ್ಕ್ (ತಿರುಗಿಸುವ ಬಲ) ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತೆ ಅನ್ನೋದೇ ಇಲ್ಲಿನ ತೊಡಕು. ವೋಲ್ಟೇಜ್ 72 ಪರ್ಸೆಂಟ್‌ಗೆ ಬಂದರೆ ಟಾರ್ಕ್ ಅರ್ಧ. ಅರ್ಧ ಬಲದಲ್ಲಿ ಮೋಟಾರ್ ತಿರುಗಲ್ಲ, ಸುಮ್ನೆ ‘ಹೂಂ’ ಅನ್ನುತ್ತೆ. ಸ್ಪೀಡ್ ಮುಕ್ಕಾಲು ಪಾಲು ಏರಿದ ಮೇಲೆ ‘ಟಕ್’ ಅಂತ ಬಿಟ್ಟುಕೊಳ್ಳಬೇಕಾದ ಸೆಂಟ್ರಿಫ್ಯೂಗಲ್ ಸ್ವಿಚ್ (ಸ್ಪೀಡ್ ಬಂದಾಗ ತಾನಾಗೇ ತೆರೆಯುವ ಸ್ವಿಚ್) ಬಿಡೋದೇ ಇಲ್ಲ. ಹಾಗಾಗಿ ಮೋಟಾರ್ ಏಳುವ ತನಕ ಮಾತ್ರ ಬೇಕಾದ ಸ್ಟಾರ್ಟಿಂಗ್ ಕೆಪಾಸಿಟರ್ ಸರ್ಕ್ಯೂಟ್‌ನಲ್ಲೇ ಉಳಿದು ಬೇಯುತ್ತೆ. ಮೊದಲನೇ ಕೆಪಾಸಿಟರ್ ಹೊಟ್ಟೆ ಉಬ್ಬಿಸಿಕೊಂಡು ಸತ್ತಿತು. ಎರಡನೆಯದಕ್ಕೆ ಮಾಡಿದ ಕವರ್ ಚಂದ ಕಾಣ್ತಿದೆ, ಕೆಲಸಕ್ಕೆ ಬರಲಿಲ್ಲ.

ಮಾರಿದವರಿಗೆ ಕೇಳಿದೆ: 30 ಪರ್ಸೆಂಟ್ ವೋಲ್ಟೇಜ್ ಕುಸಿತಕ್ಕೆ ಇದು ಎಷ್ಟು ಸ್ಟಾರ್ಟಿಂಗ್ ಕೆವಿಎ ಕೊಡುತ್ತೆ? ಒಳ್ಳೆ ಆಲ್ಟರ್ನೇಟರ್ (ಜನರೇಟರಿನಲ್ಲಿ ಕರೆಂಟ್ ಹುಟ್ಟಿಸುವ ಭಾಗ) ಮಾಡುವವರು ಆ ಅಂಕಿ ಕೊಡುತ್ತಾರೆ. ಉತ್ತರ ಬಂತು: ‘ಎಲ್ಲಾ ಲೋಡೂ ಎಳೆಯುತ್ತೆ ಸರ್.’ ಹತ್ತು ಕೆವಿಎ ತಗೊಳ್ಳಿ ಅನ್ನೋ ಸಲಹೆಯೂ ಜೊತೆಗೇ ಬಂತು. ಎರಡೂ ಒಂದೇ ಮೆಸೇಜ್‌ನಲ್ಲಿ.

ನಡುವೆ ಒಂದು ಮಾತು. ಲೇತ್‌ಗೆ ಮೂರು ಫೇಸ್ ಮೋಟಾರ್ ಹಾಕಿ, ವಿಎಫ್‌ಡಿಯಿಂದ (ಮೋಟಾರಿನ ಸ್ಪೀಡ್ ಹತೋಟಿಯಲ್ಲಿಡುವ ಎಲೆಕ್ಟ್ರಾನಿಕ್ ಡ್ರೈವ್) ಓಡಿಸಬೇಕು ಅಂತ ಮನಸ್ಸಾಗಿದೆ. ಸ್ಪೀಡನ್ನು ನಿಧಾನಕ್ಕೆ ಏರಿಸುವ ಐದು ಸೆಕೆಂಡ್ ರ‍್ಯಾಂಪ್ ಕೊಟ್ಟರೆ ಈ ಆರು ಪಟ್ಟಿನ ತಲೆನೋವೇ ಇಲ್ಲ. ಆದರೆ ವಿಎಫ್‌ಡಿಯೊಳಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕರೆಂಟನ್ನು ತುಂಡು ತುಂಡಾಗಿ ಕಿತ್ತುಕೊಳ್ಳುತ್ತೆ. ಚಿಕ್ಕ ಜನರೇಟರಿನಲ್ಲಿ ವೋಲ್ಟೇಜ್ ಸ್ಥಿರವಾಗಿಡುವ ಎವಿಆರ್ ಅದನ್ನು ತಾಳುತ್ತೋ ಇಲ್ಲವೋ, ಆಸಿಲೋಸ್ಕೋಪ್ ಹಾಕಿಯೇ ನೋಡಬೇಕು.

ಸರಿ, ಕಂಪ್ರೆಸರ್. ತಲೆಕೆಟ್ಟು ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಸ್ಟಾರ್ಟ್ ಕೊಟ್ಟೆ. ಎದ್ದಿತು! ಟ್ಯಾಂಕ್ ತುಂಬಿ ನಿಂತಿತು. ಪ್ರೆಶರ್ ಇಳಿದು ತಾನಾಗೇ ಮತ್ತೆ ಆನ್ ಆದಾಗ ‘ಹೂಂ’. ಎರಡರ ನಡುವಿನ ವ್ಯತ್ಯಾಸ ಏನು ಅಂತ ಯೋಚಿಸುತ್ತಾ ಕೂತವನಿಗೆ, ಕಂಪ್ರೆಸರ್ ನಿಂತಾಗ ಪಿಸ್ಟನ್ ಮೇಲೆ ಕೂತ ಗಾಳಿ ಹೊರಹೋಗುತ್ತಾ ಕೇಳಬೇಕಾದ ‘ಪುಸ್’ ಕೇಳಿಸಲೇ ಇಲ್ಲ ಅನ್ನೋದು ಹೊಳೆಯಿತು. ಲೈನ್ ಮೇಲೂ ಕೇಳಿಸಿರಲಿಲ್ಲ, ನಾನು ಗಮನ ಕೊಟ್ಟಿರಲಿಲ್ಲ ಅಷ್ಟೇ. ಲೈನ್‌ಗೆ ಬಲ ಜಾಸ್ತಿ, ಪಿಸ್ಟನ್ ಮೇಲೆ ಗಾಳಿ ಕೂತಿದ್ದರೂ ತಳ್ಳಿಕೊಂಡು ಹೋಗುತ್ತಿತ್ತು.

ಪ್ಲಗ್ ಕಿತ್ತು, ಟ್ಯಾಂಕ್ ಖಾಲಿ ಮಾಡಿ, ಆ ಗಾಳಿ ಹೊರಹೋಗಲೆಂದು ಪ್ರೆಶರ್ ಸ್ವಿಚ್‌ಗೆ ಬರುವ ಅನ್‌ಲೋಡರ್ ಪೈಪ್ ಬಿಚ್ಚಿದೆ. ಬಾಯಿಗೆ ಹಿಡಿದು ಊದಿದರೆ ಗಾಳಿ ಹೋಗಲಿಲ್ಲ. ಒಳಗೆ ಎಣ್ಣೆ ಗಟ್ಟಿಯಾಗಿ ಕಪ್ಪು ಗಸಿ ಕಟ್ಟಿತ್ತು. ತಂತಿ ತೂರಿಸಿ ತೆಗೆದೆ. ಈಗ ‘ಪುಸ್’ ಬಂತು, ಆದರೆ ನಿಲ್ಲಲಿಲ್ಲ! ಟ್ಯಾಂಕಿನ ಗಾಳಿ ಹಿಂದಕ್ಕೆ ಬರದಂತೆ ತಡೆಯಬೇಕಾದ ನಾನ್ ರಿಟರ್ನ್ ವಾಲ್ವ್ ಸೋರಿ, ಗಾಳಿಯೆಲ್ಲ ಅದೇ ಪೈಪ್‌ನಲ್ಲಿ ಹೊರಗೆ ಬರುತ್ತಿತ್ತು. ಹೊಸ ವಾಲ್ವ್ ತರಿಸಿದೆ. ಥ್ರೆಡ್ ಬೇರೆ. ವಾಪಸ್ ಕಳಿಸಿದೆ. ಎರಡನೆಯದು ಬಂತು, ಅದೇ ಬೇರೆ ಥ್ರೆಡ್. ಬೇಸತ್ತು ಹಳೆಯದನ್ನೇ ಬಿಚ್ಚಿ, ಒಳಗಿನ ರಬ್ಬರ್ ಬಿಲ್ಲೆಯನ್ನು ಮಗುಚಿ ಹಾಕಿದೆ. ಸವೆದ ಗೆರೆಯ ಬದಲು ನುಣುಪಾದ ಬದಿ ಸೀಟಿಗೆ ಕೂತಿತು. ಚಿಕ್ಕದಾಗಿ ‘ಪುಸ್’. ಆಮೇಲೆ ಮೌನ.

ಈಗ ಜನರೇಟರ್ ಮೇಲೆ ಸ್ಟಾರ್ಟ್ ಕೊಟ್ಟರೆ ವೋಲ್ಟೇಜ್ ಮೊದಲಿನ ಹಾಗೇ 165ರ ಹತ್ತಿರಕ್ಕೆ ಬೀಳುತ್ತೆ. ನಿಂತ ಮೋಟಾರ್ ಕೇಳೋದು ಅದೇ 60 ಆಂಪಿಯರ್ ಅಲ್ವಾ, ಅಲ್ಲೇನೂ ಬದಲಾಗಿಲ್ಲ. ಆದರೆ ಒಂದು ಸೆಕೆಂಡ್ ಕಳೆಯುವಷ್ಟರಲ್ಲಿ ‘ಟಕ್’ ಅಂದು ವೋಲ್ಟೇಜ್ ಮೇಲೆ ಬರುತ್ತೆ. ಮುಂಚೆ ಬಿದ್ದದ್ದು ಬಿದ್ದ ಹಾಗೇ ಇರುತ್ತಿತ್ತು. ಮೊದಲು ಕಂಪ್ರೆಸರ್ ಸ್ಟಾರ್ಟ್ ಮಾಡಿ, ಆಮೇಲಷ್ಟೇ ಲೈಟು, ಚಾರ್ಜರ್ ಹಾಕುತ್ತಿದ್ದೇನೆ. ಬೆಳಗಿನ ಚಳಿಗೆ ಎಣ್ಣೆ ಮಂದವಾಗಿದ್ದಾಗ ಏನಾಗುತ್ತೆ ಅಂತ ನಾಳೆ ನೋಡಬೇಕು. ಮೂರನೇ ಕೆಪಾಸಿಟರ್ ತಂದಿಟ್ಟಿದ್ದೇನೆ, ಕವರ್ ಇಲ್ಲದೆ.