ಮೆಣಸಿನಕಾಯಿ ಚೀಲದ ತೂಕ ಮತ್ತು 64 ಬೈಟಿನ ಒಂದು ಸಾಲು

"ಸರ, ಹಿಂದಿನ ಚೀಲ ಭಾರ ಇತ್ತು, ಇದು ಹಗುರ ಐತ್ರಿ. ಮಷಿನ್ನಿಗೆ ಅದು ಗೊತ್ತಾಗವಲ್ದು." ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಹಮಾಲರೊಬ್ಬರು ನಮ್ಮ ತೂಕದ ಯಂತ್ರದ ಬಗ್ಗೆ ಹೀಗೆ ಹೇಳಿದರು. ನಾನು ತಲೆಯಾಡಿಸಿ, ಭಾರ ಗ್ರಹಿಸುವ ಲೋಡ್ ಸೆಲ್ ಬದಲಿಸಿ ಹುಬ್ಬಳ್ಳಿಗೆ ಮರಳಿದೆ. ದೋಷದ ಸುಳಿವು ಪೂರ್ತಿ ಅವರ ಮಾತಿನಲ್ಲೇ ಇತ್ತು. ಅದು ನನಗೆ ತಿಳಿದದ್ದು ಹದಿನೈದು ದಿನದ ಮೇಲೆ.

ಗೋಕುಲ ರಸ್ತೆಯ ಸಣ್ಣ ಕಂಪನಿ ನಮ್ಮದು. ತೂಕದ ಯಂತ್ರದ ಬೋರ್ಡಿಗೆ ಲಿನಕ್ಸ್ ಕರ್ನೆಲ್ ಹೊಂದಿಸುವುದು, ಅದರ ಭಾಗಗಳನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್ ಬರೆಯುವುದು ನನ್ನ ಕೆಲಸ. ಚೀಲ ಇಟ್ಟು ಗುಂಡಿ ಒತ್ತಿದರೆ ಚಿಪ್ 64 ಸಲ ಅಳೆಯುತ್ತದೆ. ಅಳತೆಗೆ 4 ಬೈಟಿನಂತೆ ಒಟ್ಟು 256. ಅವುಗಳ ಸರಾಸರಿಯೇ ತೂಕ. ಮೊದಲು ಬರೀ 4 ಅಳತೆ ಇದ್ದವು. ಅಂಕಿ ಅಲುಗಾಡುತ್ತದೆಂದು 64ಕ್ಕೆ ಏರಿಸಿದವನು ನಾನೇ. ಅಲ್ಲಿಂದ ಆಗಾಗ ತೂಕ ಹಿಂದಿನ ಚೀಲದ ಕಡೆಗೆ ವಾಲತೊಡಗಿತು. 42 ಕಿಲೋ ಚೀಲದ ನಂತರ 36 ಕಿಲೋ ಚೀಲ ಬಂದರೆ 37 ದಾಟುತ್ತಿತ್ತು. ಮಾರುವವರಿಗೋ ಕೊಳ್ಳುವವರಿಗೋ ಅದು ನೇರ ನಷ್ಟ. ನನಗೆ ನಿದ್ದೆ ಬಾರದಿದ್ದದ್ದು ಅದಕ್ಕೇ.

ಕಚೇರಿಯಲ್ಲಿ ಒಮ್ಮೆಯೂ ತಪ್ಪಲಿಲ್ಲ. ಬ್ಯಾಡಗಿಗೆ ಹೋಗಿ, ಒಳಗೆ ನಡೆಯುವುದನ್ನು ಬರೆದು ತೋರಿಸುವ ಪ್ರಿಂಟ್‌ಕೆ ಸಾಲು ಸೇರಿಸಿದರೆ ದೋಷ ಮಾಯ, ತೆಗೆದರೆ ಮತ್ತೆ ಹಾಜರು. ಕೊನೆಗೆ ಪ್ರತಿ ಓದಿಗೂ ಮುಂಚೆ, ಅಳತೆಗಳು ಬಂದು ಕೂರುವ ಜಾಗವಾದ ಬಫರಿನ ತುಂಬ ಒಂದೇ ಗುರುತಿನ ಬೈಟು ತುಂಬಿಟ್ಟೆ. ತಪ್ಪಿದ ತೂಕ ಬಂದಾಗ ತೆರೆದು ನೋಡಿದರೆ ಮೊದಲ 48 ಬೈಟಿನಲ್ಲಿ ನನ್ನ ಗುರುತು ಹಾಗೇ ಕೂತಿತ್ತು! ಉಳಿದ 208 ಹೊಸವು. ಹನ್ನೆರಡು ಅಳತೆ ಹಳೆಯವು ಎಂದ ಮೇಲೆ ಲೆಕ್ಕ ಸರಳ: 6 ಕಿಲೋ ವ್ಯತ್ಯಾಸದ 64ರಲ್ಲಿ 12 ಪಾಲು, 1.125 ಕಿಲೋ.

ಓದು ಚಿಕ್ಕದಿದ್ದಾಗ, ಅಳೆಯುವ ಚಿಪ್ಪಿನ ಜೊತೆ ಮಾತಾಡುವ ನಮ್ಮ ಎಸ್‌ಪಿಐ ಡ್ರೈವರ್ ಸಿಪಿಯು ಕೈಯಿಂದಲೇ ಬೈಟು ಎತ್ತಿಸುತ್ತದೆ. 256 ಆದಾಗ ಡಿಎಂಎ ಎಂಬ ಬೇರೆ ಘಟಕಕ್ಕೆ ಒಪ್ಪಿಸುತ್ತದೆ. ಅದು ಸಿಪಿಯುವನ್ನು ಕೇಳದೆ ನೇರ ಮೆಮೊರಿಗೆ ಬರೆಯುತ್ತದೆ. ಸಿಪಿಯು ಮಾತ್ರ ಕ್ಯಾಶೆಯ ಮೂಲಕ ಓದುತ್ತದೆ. ಅಂಗಡಿಯ ಖಾತೆ ಪುಸ್ತಕ ಮೆಮೊರಿ, ಗುಮಾಸ್ತನ ಕಿಸೆಯ ಚೀಟಿ ಕ್ಯಾಶೆ ಅಂದುಕೊಳ್ಳಿ. ನಮ್ಮ ಸಿಪಿಯು ಆದ ಕಾರ್ಟೆಕ್ಸ್-ಎ53ರಲ್ಲಿ ಒಂದು ಚೀಟಿ, ಅಂದರೆ ಕ್ಯಾಶೆಯ ಒಂದು ಸಾಲು, 64 ಬೈಟು. ಅದರಲ್ಲಿ ಒಂದೇ ಅಂಕಿ ತಿದ್ದಿದರೂ ವಾಪಸ್ ಬರೆಯುವಾಗ ಇಡೀ ಚೀಟಿ ಖಾತೆಗೆ ಹೋಗುತ್ತದೆ.

ನಾನು ಬಫರನ್ನು ಡ್ರೈವರಿನ ಮಾಹಿತಿಯನ್ನೆಲ್ಲ ಒಟ್ಟಿಗೆ ಇಡುವ ಸ್ಟ್ರಕ್ಟಿನೊಳಗೇ, ಗುಂಡಿ ಒತ್ತಿದ ಲೆಕ್ಕ ಇಡುವ ಕೌಂಟರಿನ ಪಕ್ಕ ಇಟ್ಟಿದ್ದೆ. ಬಫರಿನ ಮೊದಲ 48 ಬೈಟು ಮತ್ತು ಕೌಂಟರ್ ಒಂದೇ ಚೀಟಿಯಲ್ಲಿ. ಕಚೇರಿಯ ಗುಂಡಿ ಹೊಸದು. ಬ್ಯಾಡಗಿಯದು ಮೆಣಸಿನಕಾಯಿ ಧೂಳು ತಿಂದು ಸವೆದದ್ದು. ಒಮ್ಮೆ ಒತ್ತಿದರೆ ಸಂಪರ್ಕ ನಾಲ್ಕೈದು ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಸಿಪಿಯುವಿಗೆ ಇಂಟರಪ್ಟ್ ಎಂಬ ಕರೆ ಬಂದು ಕೌಂಟರ್ ಏರುತ್ತಿತ್ತು. ಅತ್ತ ಡಿಎಂಎ ಹೊಸ ತೂಕ ಬರೆಯುತ್ತಿರುವಾಗಲೇ ಇತ್ತ ಹಳೆಯ ಚೀಟಿ ಅದರ ಮೇಲೆ ಕೂರುತ್ತಿತ್ತು. ಪ್ರಿಂಟ್‌ಕೆ ಸೇರಿಸಿದಾಗ ಓದು ತುಸು ತಡವಾಗಿ, ಅಷ್ಟರಲ್ಲಿ ಬಡಿತ ನಿಂತುಬಿಡುತ್ತಿತ್ತು. ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಡಿಎಂಎ ಮತ್ತು ಕ್ಯಾಶೆಯನ್ನು ಹಾರ್ಡ್‌ವೇರೇ ಹೊಂದಿಸಿಕೊಳ್ಳುವುದರಿಂದ ಅಲ್ಲಿ ಇಂಥದ್ದು ಕಾಣಿಸುವುದೇ ಇಲ್ಲ.

ಬಫರನ್ನು ಸ್ಟ್ರಕ್ಟಿನಿಂದ ಕಿತ್ತು, ಕರ್ನೆಲ್ಲಿನಲ್ಲಿ ಮೆಮೊರಿ ಕೊಡುವ ಕೆಮ್ಯಾಲಾಕಿನಿಂದ ಪ್ರತ್ಯೇಕವಾಗಿ ಪಡೆದೆ. ಬದಲಾದದ್ದು ಕೆಲವೇ ಸಾಲು. ಡಿಎಂಎ ಬಫರಿನ ಜೊತೆ ಬೇರೇನೂ ಒಂದೇ ಕ್ಯಾಶೆ ಸಾಲಿನಲ್ಲಿ ಇರಬಾರದೆಂದು ಕರ್ನೆಲ್ಲಿನ ದಾಖಲೆಯಲ್ಲಿ ಮೊದಲಿನಿಂದಲೂ ಬರೆದಿದೆ. ನಾನು ಓದಿಯೂ ಇದ್ದೆ.

ಮೋಟೆಬೆನ್ನೂರು ದಾಟಿ ಮತ್ತೆ ಬ್ಯಾಡಗಿಗೆ ಹೋದಾಗ ಅದೇ ಹಮಾಲರನ್ನು ಕರೆದೆ. ಭಾರದ ಚೀಲ, ಹಗುರ ಚೀಲ ಅದಲುಬದಲು ಮಾಡಿ ಇಟ್ಟರು, ಬೇಕೆಂದೇ ಗುಂಡಿಯನ್ನು ಗುದ್ದಿದರು. ಮಧ್ಯಾಹ್ನದ ಹೊತ್ತಿಗೆ "ಈಗ ಹೊಂದತೈತಿ ನೋಡ್ರಿ" ಅಂದರು. ಮರುದಿನ ನಮ್ಮ ಉಳಿದ ಡ್ರೈವರುಗಳನ್ನೆಲ್ಲ ತೆರೆದು ನೋಡಿದೆ. ಇನ್ನೆರಡರಲ್ಲಿ ಬಫರ್ ಹೀಗೇ ಸ್ಟ್ರಕ್ಟಿನೊಳಗೆ ಕೂತಿತ್ತು.