ಚೆಂಡು ಬೇರೆ, ಒದೆತ ಅದೇ

ಜೋರ್ಡನ್ ಮೈಲಾಟಾ ಆಡುವುದನ್ನು ನೋಡಿದಾಗಲೆಲ್ಲ ನನಗೆ ಅವನ ಧೈರ್ಯದ್ದೇ ಯೋಚನೆ. ಸಿಡ್ನಿಯ ಹುಡುಗ, ಆಡುತ್ತಿದ್ದದ್ದು ರಗ್ಬಿ ಲೀಗ್. 2018ರ ಡ್ರಾಫ್ಟ್‌ನ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಕೊನೇ ಸುತ್ತಿನಲ್ಲಿ, 233ನೇ ಆಯ್ಕೆಯಾಗಿ ಫಿಲಡೆಲ್ಫಿಯಾ ಈಗಲ್ಸ್ ತಗೊಂಡಾಗ ಅವನು ಅಮೆರಿಕನ್ ಫುಟ್‌ಬಾಲ್‌ನ ಒಂದೇ ಒಂದು ಪಂದ್ಯವನ್ನೂ ಆಡಿರಲಿಲ್ಲ. ಚೆಂಡು ಹಿಡಿದು ನುಗ್ಗುತ್ತಿದ್ದವನಿಗೆ ಸಿಕ್ಕಿದ್ದು ಚೆಂಡು ಮುಟ್ಟುವುದೇ ಅಪರೂಪವಾದ ಜಾಗ, ಲೆಫ್ಟ್ ಟ್ಯಾಕಲ್. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುವವರನ್ನು ತಡೆದು ನಿಲ್ಲಿಸುವ ಕೆಲಸ. 2025ರ ಫೆಬ್ರವರಿಯಲ್ಲಿ ಅಲ್ಲಿನ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ!

ಆಸ್ಟ್ರೇಲಿಯಾದ್ದೇ ಫುಟ್‌ಬಾಲ್ ಆದ ಆಸ್ಟ್ರೇಲಿಯನ್ ರೂಲ್ಸ್ ಆಡಿದವರು ಅಮೆರಿಕನ್ ಫುಟ್‌ಬಾಲ್‌ಗೆ ಜಾಸ್ತಿ ಹೋಗುವುದು ಪಂಟರ್ ಆಗಿ, ಅಂದ್ರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವವನಾಗಿ. ಆಸ್ಟ್ರೇಲಿಯಾದಲ್ಲಿ ಚಿಕ್ಕಂದಿನಿಂದ ಕಲಿಯುವ ಡ್ರಾಪ್ ಪಂಟ್ ಇದೆಯಲ್ಲ, ಚೆಂಡಿನ ಚೂಪು ತುದಿ ಕೆಳಗಿರುವ ಹಾಗೆ ಕೈಬಿಟ್ಟು ಒದೆಯುವುದು, ಅದು ತುದಿಯ ಮೇಲೆ ತುದಿ ಹಿಂದಕ್ಕೆ ಉರುಳುತ್ತಾ ಹೋಗಿ ಬಿದ್ದ ಮೇಲೆ ಎಷ್ಟೋ ಸಲ ಮುಂದಕ್ಕೆ ಓಡದೆ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಹಿಂದಕ್ಕೆ ಪುಟಿಯುತ್ತದೆ. ಡ್ಯಾರೆನ್ ಬೆನೆಟ್ 1995ರಲ್ಲಿ ಸ್ಯಾನ್ ಡಿಯಾಗೋ ಚಾರ್ಜರ್ಸ್‌ಗೆ ಇದನ್ನೇ ಹೊತ್ತು ಹೋದ. ಆಸ್ಟ್ರೇಲಿಯನ್ ರೂಲ್ಸ್‌ನ ಗೀಲಾಂಗ್ ತಂಡದ ಕ್ಯಾಪ್ಟನ್ ಆಗಿದ್ದ ಬೆನ್ ಗ್ರಹಾಂ 2009ರಲ್ಲಿ ಸೂಪರ್ ಬೌಲ್ ಆಡಿದ.

ನನ್ನನ್ನು ಜಾಸ್ತಿ ಕಾಡುವವನು ಸ್ಯಾವ್ ರೊಕ್ಕಾ. ಅದೇ ಆಟದ ಕಾಲಿಂಗ್‌ವುಡ್, ನಾರ್ತ್ ಮೆಲ್ಬರ್ನ್ ತಂಡಗಳಿಗೆ ಗೋಲು ಹೊಡೆದು ಹೆಸರು ಮಾಡಿದವನು 33ನೇ ವಯಸ್ಸಿಗೆ ಇನ್ನೊಂದು ದೇಶದಲ್ಲಿ ಹೊಸಬನಾಗಿ ಲೈನಲ್ಲಿ ನಿಂತ. ಅದಕ್ಕೆ ಬರೀ ಕಾಲಿನ ಬಲ ಸಾಕಾಗಲ್ಲ ಅಲ್ವಾ?