ಪಾಮ್‌ಪಾಮ್ ಅಲ್ಲ ಮಾರಾಯ್ರೆ

ಪ್ರಶ್ನೆ ಒಂದೇ, ಕೇಳುವ ಬಾಯಿ ಮಾತ್ರ ಬೇರೆ ಬೇರೆ.

"ನೀನು ಅಮೆರಿಕದಲ್ಲಿ ಮಾಡೂದು ಎಂಥ ಮಾರಾಯ, ಚಿಯರ್‌ಲೀಡಿಂಗಾ? ಐಪಿಎಲ್‌ನಲ್ಲಿ ಸಿಕ್ಸ್ ಹೊಡೆದಾಗ ಕುಣೀತಾರಲ್ಲ, ಅದಾ?"

ಊರಲ್ಲಿ ಹೀಗೆ. ಇಲ್ಲಿನ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರು ಸ್ವಲ್ಪ ನಯವಾಗಿ ಕೇಳುತ್ತಾರೆ: "ಓ, ಹೌದಾ? ಬೇರೆ ಜಾಬೂ ಇದೆ ತಾನೆ?" ಕೇಳಿದವರು ಗಂಡಸರಾದರೆ ಕೊನೆಗೆ ಒಂದು ಕಣ್ಣು ಮಿಟುಕಿಸುವುದೂ ಇರುತ್ತದೆ. ಆ ಕಣ್ಣಿಗೆ ಉತ್ತರ ಕೊಟ್ಟೂ ಕೊಟ್ಟೂ ನನಗೆ ಸಾಕಾಗಿದೆ. ಒಮ್ಮೆ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಲಿಂಕ್ ಕಳಿಸುವುದು, ಅಷ್ಟೇ.

ಹೌದು, ಅಮೆರಿಕದ ನಡುಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಚಿಯರ್‌ಲೀಡಿಂಗ್ ತಂಡದ ಅಸಿಸ್ಟೆಂಟ್ ಕೋಚ್. ಹೌದು, ಬೇರೆ ಕೆಲಸವೂ ಇದೆ. ಹಗಲಿಡೀ ಅದೇ ವಿಶ್ವವಿದ್ಯಾಲಯದ ಐಟಿ ವಿಭಾಗದಲ್ಲಿ ಪ್ರೊಫೆಸರುಗಳ ಪಾಸ್‌ವರ್ಡ್ ಬದಲಾಯಿಸಿಕೊಡುತ್ತೇನೆ. ಕೋಚ್ ಕೆಲಸದಿಂದ ಬರುವ ದುಡ್ಡಿನಲ್ಲಿ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಟಿಕೆಟ್ ಆಗುತ್ತದೆ, ಒಬ್ಬನದು. ಇಲ್ಲ, ನಾನು ಪಾಮ್‌ಪಾಮ್, ಅಂದರೆ ಕೈಯಲ್ಲಿ ಆಡಿಸುವ ಆ ಬಣ್ಣದ ಕುಚ್ಚು, ಹಿಡಿಯುವುದಿಲ್ಲ. ಮೇಲಿನಿಂದ ಬರುವವರನ್ನು ಹಿಡಿಯುವುದಕ್ಕೆ ಕೈ ಖಾಲಿ ಇರಬೇಕು.

ಐಪಿಎಲ್ ನೆನಪಾಗುವುದು ತಪ್ಪಲ್ಲ. ನಮ್ಮವರು ಚಿಯರ್‌ಲೀಡರ್ ಎಂಬ ಪದವನ್ನು ಸರಿಯಾಗಿ ಕೇಳಿದ್ದೇ 2008ರ ಏಪ್ರಿಲ್ 18ರಂದು, ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಐಪಿಎಲ್‌ನ ಮೊದಲ ಪಂದ್ಯ ನಡೆದಾಗ. ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನು ಆರ್‌ಸಿಬಿಯವರು ಆ ವರ್ಷ ಬೆಂಗಳೂರಿಗೆ ಕರೆಸಿದ್ದರು. ಎದುರಾಳಿ ಮೆಕಲಮ್ ಒಬ್ಬರೇ ಔಟಾಗದೆ 158 ಹೊಡೆದರು, ನಮ್ಮವರು 82ಕ್ಕೆ ಆಲೌಟ್. ನಮ್ಮ ಪರವಾಗಿ ಕುಣಿಯುವುದಕ್ಕೆ ಪಾಪ ಕಾರಣವೇ ಸಿಗಲಿಲ್ಲ. ಆದರೂ ಆ ಚಿತ್ರ ತಲೆಯಲ್ಲಿ ಕೂತದ್ದು ಕೂತೇಬಿಟ್ಟಿತು. ಅಲ್ಲಿ ನೋಡಿದ್ದು ನೃತ್ಯತಂಡ. ಕಾಲೇಜಿನ ಚಿಯರ್‌ನಲ್ಲಿ ನೃತ್ಯ ಇರುವುದು ಒಗ್ಗರಣೆಯಷ್ಟು. ಉಳಿದದ್ದೆಲ್ಲ ಎತ್ತುವುದು, ಎಸೆಯುವುದು, ಹಿಡಿಯುವುದು, ಲಾಗ ಹಾಕುವುದು. "ಅದಲ್ಲ, ಅದಲ್ಲ" ಎಂದು ನಾನು ಪ್ರತಿಸಲ ಕೈ ಆಡಿಸುವಾಗ ಕುಣಿಯುವವರನ್ನು ಕೀಳು ಮಾಡಿದ ಹಾಗೆ ಕೇಳಿಸುತ್ತದೆ ಎಂಬುದು ನನಗೂ ಗೊತ್ತು. ಅವರ ಕೆಲಸವೂ ಸುಲಭದ್ದಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಅವರ ಮರ್ಯಾದೆ ಕಳೆಯುತ್ತೇನೆ, ಆಮೇಲೆ ನಾಚಿಕೆಯಾಗುತ್ತದೆ, ಮುಂದಿನ ಸಲ ಮತ್ತೆ ಅದನ್ನೇ ಮಾಡುತ್ತೇನೆ.

ನಾನು ಇದಕ್ಕೆ ಬಿದ್ದದ್ದು ಹೀಗೆ. ನಮ್ಮ ಕರಾವಳಿಯ ಕಾಲೇಜುಗಳಲ್ಲಿ ವೇಟ್‌ಲಿಫ್ಟಿಂಗ್ ಹುಚ್ಚು ಹಳೆಯದು. ನಾನೂ ಡಿಗ್ರಿಯಲ್ಲಿ ಕಬ್ಬಿಣ ಎತ್ತಿದವನೇ, ದೊಡ್ಡ ಹೆಸರೇನೂ ಮಾಡದವನು. ಎಂ.ಎಸ್. ಮಾಡಲು ಬಂದ ಮೊದಲ ಚಳಿಗಾಲ, ಇಲ್ಲಿನ ಜಿಮ್ಮಿನಲ್ಲಿ ಒಬ್ಬನೇ ಬಾರ್ ಎತ್ತುತ್ತಿದ್ದಾಗ ಒಬ್ಬಾಕೆ ಬಂದು ಕೇಳಿದರು: "ಐವತ್ತು ಕಿಲೋ ತಲೆಯ ಮೇಲೆ ಎತ್ತಿ ನಿಲ್ಲಿಸಬಲ್ಲೆಯಾ? ಆ ಐವತ್ತು ಕಿಲೋ ಅಲ್ಲಾಡುತ್ತದೆ." ಅವರೇ ಅಂದಿನ ಹೆಡ್ ಕೋಚ್. ಹುಡುಗ ಹುಡುಗಿಯರು ಒಟ್ಟಿಗೆ ಇರುವ ತಂಡಗಳಿಗೆ ಕೆಳಗೆ ನಿಲ್ಲುವ ಹುಡುಗರ ಬರ ಯಾವಾಗಲೂ ಇರುತ್ತದೆ. ಚಿಯರ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಹೆಗಲು ಗಟ್ಟಿ ಇದ್ದರೆ ಜಿಮ್ಮಿನಿಂದಲೇ ಎಳೆದುಕೊಂಡು ಹೋಗುತ್ತಾರೆ. ಊಟಕ್ಕೂ ಲೆಕ್ಕ ಹಾಕುತ್ತಿದ್ದ ಕಾಲ. ತಂಡದವರಿಗೆ ಶೂ, ಟೀ ಶರ್ಟು, ಪಂದ್ಯದ ದಿನ ಊಟ ಕೊಡುತ್ತಾರೆ ಎಂದರು. ಹೋದೆ.

ಹೋದ ಮೇಲೆ ತಿಳಿಯಿತು, ಬಾರ್‌ಬೆಲ್‌ಗೆ ಹೆದರಿಕೆ ಆಗುವುದಿಲ್ಲ, ಮನುಷ್ಯರಿಗೆ ಆಗುತ್ತದೆ ಅಂತ. ಅಂಗೈ ಮೇಲೆ ನಿಂತವಳ ಹೆದರಿಕೆ ಮೊದಲು ಅವಳ ಹೆಬ್ಬೆರಳಿಗೆ ಬರುತ್ತದೆ. ಶೂ ಒಳಗಿನ ಆ ಬೆರಳು ಮುದುಡಿದ್ದು ಕೆಳಗಿನವನ ಅಂಗೈಗೆ ಗೊತ್ತಾಗುತ್ತದೆ, ಅವಳ ಮುಖದಲ್ಲಿ ಆಗಲೂ ನಗು ಇರುತ್ತದೆ.

2018ರಲ್ಲಿ ನಮ್ಮ ಕುಂದಾಪುರ ಕಡೆಯ ಗುರುರಾಜ್ ಪೂಜಾರಿ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕೂಟದಲ್ಲಿ ವೇಟ್‌ಲಿಫ್ಟಿಂಗ್ ಬೆಳ್ಳಿ ಗೆದ್ದಾಗ ಊರಿನ ವಾಟ್ಸಪ್ ಗುಂಪುಗಳಲ್ಲಿ ಹಬ್ಬ. ಗೆಲ್ಲಬೇಕಾದ್ದೇ, ನಾನೂ ಕುಣಿದಿದ್ದೇನೆ. ಆದರೆ ಕಬ್ಬಿಣ ಎತ್ತಿದರೆ ಹಾರ, ಮನುಷ್ಯರನ್ನು ಎತ್ತಿದರೆ ಕಣ್ಣು ಮಿಟುಕು, ಇದು ಯಾವ ಲೆಕ್ಕ?

ನಮ್ಮ ಅಮ್ಮನ ಲೆಕ್ಕ ಇನ್ನೂ ಸರಳ. ಊರಲ್ಲಿ ಯಾರು ಕೇಳಿದರೂ "ಮಗ ಅಲ್ಲಿ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್, ಜೊತೆಗೆ ಡ್ರಿಲ್ ಮಾಸ್ಟ್ರು" ಎಂದು ಮುಗಿಸುತ್ತಾರೆ. ಬೆಳಗ್ಗೆ ಆರಕ್ಕೆ ಸೀಟಿ ಊದಿ ಮಕ್ಕಳನ್ನು ಓಡಿಸುತ್ತೇನೆಂಬ ಅರ್ಥದಲ್ಲಿ ಅದು ಸುಳ್ಳೂ ಅಲ್ಲ.

ಆ ಗುಟ್ಟು ಒಡೆದದ್ದು ಹೋದ ಡಿಸೆಂಬರಿನಲ್ಲಿ, ಮೂಡುಬಿದಿರೆ ಕಡೆ ಚಿಕ್ಕಪ್ಪನ ಮಗಳ ಮದುವೆಯಲ್ಲಿ. ಧಾರೆ ಮುಗಿದಿತ್ತು, ಎಲೆ ಹಾಕುತ್ತಿದ್ದರು. ನಮ್ಮ ದೊಡ್ಡ ಮಾವ ನಾಲ್ಕು ಜನರ ನಡುವೆ ನನ್ನ ಹೆಗಲ ಮೇಲೆ ಕೈ ಹಾಕಿ ಘೋಷಿಸಿದರು: "ಇವ ಯಾರು ಗೊತ್ತುಂಟಾ? ಅಮೆರಿಕದಲ್ಲಿ ಚಿಯರ್ ಗರ್ಲ್ಸ್‌ನ ಮಾಸ್ಟ್ರು!" ಆಮೇಲೆ ಅದೇ ಕಣ್ಣು. ಎಲ್ಲರೂ ನಕ್ಕರು. ಒಬ್ಬರು ಕೆಲಸ ಖಾಲಿ ಉಂಟಾ ಎಂದು ಕೇಳಿದರು, ಇನ್ನೊಬ್ಬರು ಫೋಟೋ ಉಂಟಾ ಎಂದರು. ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. "ರಾತ್ರಿ ಇವರ ಸೊಂಟಕ್ಕೆ ಎಣ್ಣೆ ತಿಕ್ಕುವವಳು ನಾನು, ಎಂಥ ಮಜಾ ಅಂತ ನನ್ನತ್ರ ಕೇಳಿ" ಎಂದಳು. ಅದಕ್ಕೂ ನಕ್ಕರು.

ನಾನು ಇತಿಹಾಸ ಶುರು ಮಾಡಿದೆ. ತಪ್ಪು, ಹಸಿದವರ ಮುಂದೆ ಇತಿಹಾಸ ತೆಗೆಯಬಾರದು. "ಮಾವ, ಇದನ್ನು ಶುರು ಮಾಡಿದ್ದೇ ಗಂಡಸರು. 1898ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಸೋತು ಸುಣ್ಣವಾಗಿದ್ದಾಗ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಘೋಷಣೆ ಕೂಗಿಸಿದ. ಹುಡುಗಿಯರಿಗೆ ಅಲ್ಲಿ ಜಾಗ ಸಿಕ್ಕಿದ್ದು 1923ರಲ್ಲಿ. ಎರಡನೇ ಮಹಾಯುದ್ಧಕ್ಕೆ ಹುಡುಗರೆಲ್ಲ ಹೋದ ಮೇಲೆ ಪೂರ್ತಿ ಅವರ ಕೈಗೆ ಬಂತು. ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಮಿಲಿಟರಿ ಅಕಾಡೆಮಿಯಲ್ಲಿ ಮಂಡಿ ಪೆಟ್ಟಾಗಿ ಫುಟ್‌ಬಾಲ್ ಬಿಟ್ಟ ಮೇಲೆ ಚಿಯರ್‌ಲೀಡರ್. ಹಾಗೇ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್, ರೇಗನ್, ಸಣ್ಣ ಬುಷ್, ಎಲ್ಲರೂ ಓದುವಾಗ ಚಿಯರ್‌ಲೀಡರ್‌ಗಳೇ."

ಮಾವ ಸ್ವಲ್ಪ ಯೋಚಿಸಿ, "ಹಾಗಾದ್ರೆ ಆ ದೇಶ ಹೀಗಿರೂದು ಸುಮ್ಮನೆ ಅಲ್ಲ" ಎಂದು ಕೈ ತೊಳೆಯಲು ಹೋದರು.

ಸರಿಯಾದ ಉತ್ತರ ನನಗೆ ಹೊಳೆದದ್ದು ವಾಪಸ್ ಬರುವ ವಿಮಾನದಲ್ಲಿ. ಈ ಮಾವ ಪ್ರಾಯದಲ್ಲಿ ಮೊಸರು ಕುಡಿಕೆಗೆ ಕೆಳಗಿನ ಸಾಲಿನಲ್ಲಿ ನಿಲ್ಲುತ್ತಿದ್ದವರು. ಆ ಕತೆಯನ್ನು ಇಂದಿಗೂ ಹೇಳುತ್ತಾರೆ: ಬೆನ್ನ ಮೇಲೆ ನೀರು, ಹೆಗಲ ಮೇಲೆ ಮೂರು ಜನ, ಕುಡಿಕೆ ಒಡೆಯುವವರೆಗೆ ಉಸಿರು ಬಿಡಲಿಲ್ಲ ಅಂತ. ಮಾವ, ಆಗ ನಿಮ್ಮ ಹೆಗಲ ಮೇಲೆ ನಿಂತವನ ಚಡ್ಡಿ ಎಷ್ಟು ಗಿಡ್ಡ ಇತ್ತು ಅಂತ ಯಾರಾದರೂ ಕೇಳಿದ್ದರಾ? ನಾನು ಮಾಡುವುದೂ ಅದನ್ನೇ. ಕುಡಿಕೆ ಇಲ್ಲ, ಮ್ಯೂಸಿಕ್ ಉಂಟು.

ಬಟ್ಟೆ ವಿಷಯ ಬಂದದ್ದಕ್ಕೆ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರ ಎರಡನೇ ಪ್ರಶ್ನೆ ಅದೇ. ಮೈಗೆ ಅಂಟಿದ ಬಟ್ಟೆ ಏಕೆಂದರೆ, ತಿರುಗುತ್ತ ಕೆಳಗೆ ಬರುವವರನ್ನು ಹಿಡಿಯುವಾಗ ಸಡಿಲ ಬಟ್ಟೆ ಇದ್ದರೆ ಕೈಗೆ ಬಟ್ಟೆ ಸಿಗುತ್ತದೆ, ಮನುಷ್ಯ ಜಾರಿಹೋಗುತ್ತದೆ. ಉಂಗುರ, ಕಿವಿಯೋಲೆ, ಉದ್ದ ಉಗುರು ಯಾವುದೂ ಕೂಡದು. ಇನ್ನು ಆ ಕಣ್ಣು ಮಿಟುಕಿಗೆ: ಯಾವ ವಿದ್ಯಾರ್ಥಿನಿಯ ಜೊತೆಗೂ ನಾನು ಬಾಗಿಲು ಹಾಕಿದ ಕೋಣೆಯಲ್ಲಿ ಕೂರುವಂತಿಲ್ಲ, ಒಬ್ಬಳಿಗೇ ಮೆಸೇಜ್ ಹಾಕುವಂತಿಲ್ಲ. ಹೊಸ ಸ್ಟಂಟಿಗೆ ಎಲ್ಲಿ ಕೈ ಇಡುತ್ತೇನೆಂದು ಮೊದಲು ಬಾಯಿಬಿಟ್ಟು ಹೇಳಿ ಆಮೇಲೆ ಇಡಬೇಕು. ನಿಮ್ಮ ಕಲ್ಪನೆಯ ಮಜಾ ಎಲ್ಲಿದೆ ಎಂದು ನಾನೂ ಹುಡುಕುತ್ತಿದ್ದೇನೆ.

ಮಜಾ ಎಂದರೆ ಬೆಳಗ್ಗೆ ಐದೂವರೆಗೆ ಮ್ಯಾಟ್ ಬಿಚ್ಚುವುದು. ಒಂದೊಂದು ಪಟ್ಟಿ ಆರಡಿ ಅಗಲ, ನಲವತ್ತೆರಡು ಅಡಿ ಉದ್ದ. ಒಂಬತ್ತು ಪಟ್ಟಿಗಳನ್ನು ಉರುಳಿಸಿ ಹಾಸಿ, ನಡುವೆ ವೆಲ್‌ಕ್ರೋ ಒತ್ತಿ, ಎಲ್ಲಿಯೂ ಬಿರುಕು ಬಿಟ್ಟಿಲ್ಲವೆಂದು ಕಾಲಲ್ಲಿ ಉಜ್ಜಿ ನೋಡಬೇಕು. ಒಂದು ಬೆರಳು ಆ ಸಂದಿಗೆ ಸಿಕ್ಕಿದರೆ ಒಬ್ಬಳ ಸೀಸನ್ನೇ ಮುಗಿಯಿತು. ಎರಡೂವರೆ ನಿಮಿಷವೂ ಇಲ್ಲದ ಒಂದು ರೊಟೀನಿಗೆ, ಅಂದರೆ ಸ್ಪರ್ಧೆಯ ಪ್ರದರ್ಶನಕ್ಕೆ, ಆಗಸ್ಟಿನಿಂದ ಏಪ್ರಿಲ್‌ವರೆಗೆ ಹೀಗೆ. ಅದರ ಮಧ್ಯೆ ಬಸ್ ಬುಕಿಂಗ್, ಯಾರಿಗೆ ಗಣಿತದಲ್ಲಿ ಮಾರ್ಕು ಕಮ್ಮಿ, ಯಾರ ಕೂದಲಿಗೆ ಕಟ್ಟುವ ರಿಬ್ಬನ್ ಬೋ ಕಳೆದುಹೋಗಿದೆ, ಎಲ್ಲ ನನ್ನ ಪಾಲಿಗೆ. ಹೆಡ್ ಕೋಚ್ ಕನಸು ಕಾಣುತ್ತಾರೆ, ಅಸಿಸ್ಟೆಂಟ್ ಬೋ ಹುಡುಕುತ್ತಾನೆ.

"ಇದೆಲ್ಲ ಒಂದು ಸ್ಪೋರ್ಟ್ಸಾ?" ಎನ್ನುವವರಿಗೆ: ಅಮೆರಿಕದ ಕೋರ್ಟೇ ಅಲ್ಲ ಅಂದಿದೆ. ಕ್ವಿನಿಪಿಯಾಕ್ ಎಂಬ ವಿಶ್ವವಿದ್ಯಾಲಯ ಹೆಣ್ಣುಮಕ್ಕಳ ವಾಲಿಬಾಲ್ ತೆಗೆದು ಅದರ ಬದಲಿಗೆ ಚಿಯರ್ ತಂಡ ಮಾಡಲು ಹೊರಟಾಗ ವಾಲಿಬಾಲ್‌ನವರು ದಾವೆ ಹಾಕಿದರು. ಸಮಾನ ಅವಕಾಶದ ಕಾಯಿದೆಯ ಲೆಕ್ಕಕ್ಕೆ ಚಿಯರನ್ನು ಇನ್ನೂ ಕ್ರೀಡೆಯೆಂದು ಎಣಿಸುವಂತಿಲ್ಲ ಎಂದು 2010ರಲ್ಲಿ ತೀರ್ಪಾಯಿತು. ವಾಲಿಬಾಲ್ ಹುಡುಗಿಯರು ಗೆದ್ದದ್ದು ಸರಿಯೇ ಎಂದು ನನಗೂ ಅನ್ನಿಸುತ್ತದೆ. ಒಲಿಂಪಿಕ್ ಸಮಿತಿಯವರು 2021ರಲ್ಲಿ ಚಿಯರ್‌ನ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಪೂರ್ತಿ ಮಾನ್ಯತೆ ಕೊಟ್ಟಿದ್ದಾರೆ. ಯಾರ ಮಾತು ಹಿಡಿಯಬೇಕೋ ನೀವೇ ಹಿಡಿಯಿರಿ. ಬಿದ್ದರೆ ನೆಲಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. 2006ರ ಮಾರ್ಚಿನಲ್ಲಿ ಬಾಸ್ಕೆಟ್‌ಬಾಲ್ ಟೂರ್ನಿಯೊಂದರ ಮಧ್ಯೆ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಒಬ್ಬ ಹುಡುಗಿ ಪಿರಮಿಡ್ಡಿನ ಮೇಲಿನಿಂದ ಬಿದ್ದಳು. ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತ್ತು. ಸ್ಟ್ರೆಚರ್‌ನಲ್ಲಿ ಕಟ್ಟಿ ಒಯ್ಯುವಾಗ ಬ್ಯಾಂಡಿನವರು ತಂಡದ ಹಾಡು ನುಡಿಸಿದರು, ಅವಳು ಮಲಗಿದಲ್ಲಿಂದಲೇ ತೋಳು ಆಡಿಸಿ ಚಿಯರ್ ಮಾಡಿದಳು. ದೇಶವೆಲ್ಲ ಟೀವಿಯಲ್ಲಿ ಆ ತೋಳುಗಳನ್ನು ನೋಡಿ ಚಪ್ಪಾಳೆ ಹೊಡೆಯಿತು. ಈ ಕೆಲಸ ಮಾಡುವ ನಾವು ಆ ವಿಡಿಯೋ ಹಾಕಿದರೆ ನೋಡುವುದು ನೆಲವನ್ನು. ಬರೀ ಮರದ ನೆಲ, ಮ್ಯಾಟ್ ಇಲ್ಲ. ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಏನೇನು ಮಾಡಕೂಡದು ಎಂಬ ನಿಯಮಗಳು ಬಿಗಿಯಾದದ್ದು ಅದರ ನಂತರ.

ಇಷ್ಟೆಲ್ಲ ಕೇಳುತ್ತೀರಲ್ಲ, ನನ್ನ ಮುಖದ ನಟ್ಟನಡುವೆ ಇರುವುದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಮೂಗು ಎಡಕ್ಕೆ ವಾಲಿದೆ. ಪಾಸ್‌ಪೋರ್ಟ್ ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ. "ಮೂಗಿಗೆ ಎಂಥ ಆಯ್ತು?" ಎಂದು ಕೇಳಿ ನೋಡಿ, ನಾನು ಮಾಡುವ ಕೆಲಸ ಎಂಥದ್ದು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ.

ಅಕ್ಟೋಬರ್ ತಿಂಗಳ ಒಂದು ಬುಧವಾರ. ನಾಲ್ಕು ಜನರ ಗುಂಪಿನಲ್ಲಿ ಕೆಳಗೆ ನಿಂತು ಎತ್ತುವ ಇಬ್ಬರು ಬೇಸ್, ಅವರ ಅಂಗೈ ಮೇಲೆ ನಿಲ್ಲುವವಳು ಫ್ಲೈಯರ್, ಹಿಂದೆ ನಿಲ್ಲುವವ ಬ್ಯಾಕ್‌ಸ್ಪಾಟ್. ಬ್ಯಾಕ್‌ಸ್ಪಾಟ್‌ನ ಕೆಲಸ ಒಂದೇ: ಏನೇ ಆಗಲಿ ಮೇಲಿನವಳ ತಲೆ ಮತ್ತು ಭುಜ ನೆಲ ಮುಟ್ಟಬಾರದು. ಅಂದು ನಮ್ಮ ಬ್ಯಾಕ್‌ಸ್ಪಾಟ್ ಹುಡುಗನಿಗೆ ಕೆಮಿಸ್ಟ್ರಿ ಪರೀಕ್ಷೆ, ನಾನು ನಿಂತೆ. ಮಾಡಬೇಕಿದ್ದದ್ದು ಫುಲ್ ಡೌನ್. ಕೈ ಚಾಚಿದ ಎತ್ತರದಿಂದ ಅವಳನ್ನು ಮೇಲಕ್ಕೆ ಚಿಮ್ಮಿಸುತ್ತೇವೆ, ಗಾಳಿಯಲ್ಲಿ ಒಂದು ಸುತ್ತು ತಿರುಗಿ ಬೆನ್ನು ಕೆಳಗಾಗಿ ನಮ್ಮ ತೋಳುಗಳಲ್ಲಿ ಬಂದು ಬೀಳುತ್ತಾಳೆ. ತೊಟ್ಟಿಲಿಗೆ ಹಾಕಿದ ಹಾಗೆ, ಅದರ ಹೆಸರೂ ಕ್ರೇಡಲ್ಲೇ. ಎಣಿಕೆ ಎಂಟರದ್ದು. ಏಳು, ಎಂಟಕ್ಕೆ ಮಂಡಿ ಬಗ್ಗಬೇಕು, ಒಂದಕ್ಕೆ ಚಿಮ್ಮಿಸಬೇಕು. ಎಡಗಡೆಯ ಬೇಸ್ ಎಂಟಕ್ಕೇ ಚಿಮ್ಮಿಸಿದ. ಒಂದೇ ಒಂದು ಎಣಿಕೆ ಬೇಗ. ಅವಳು ಮೇಲಕ್ಕೆ ಹೋಗುವ ಬದಲು ಓರೆಯಾಗಿ ಹೋದಳು. ತಿರುಗುವಾಗ ಮೊಣಕೈ ಎದೆಗೆ ಒತ್ತಿಕೊಂಡಿರಬೇಕು, ಹೆದರಿಕೆಗೆ ಬಿಚ್ಚಿಕೊಂಡಿತು. ನಾನು ಅವಳ ಕೆಳಕ್ಕೆ ನುಗ್ಗಿದೆ. ಮೊಣಕೈ ಮೂಗಿಗೆ, ತಲೆ ನನ್ನ ಎದೆಗೆ, ಇಬ್ಬರೂ ಮ್ಯಾಟಿಗೆ.

ಬೀಳುವಾಗ ನಾನು "ಪತ್ತ್!" ಎಂದು ಕಿರುಚಿದೆನಂತೆ. ತುಳುವಿನಲ್ಲಿ ಹಿಡಿ ಅಂತ. ಹದಿನೈದು ವರ್ಷ ಇಂಗ್ಲಿಷಿನಲ್ಲೇ ಎಣಿಸಿದವನ ಬಾಯಿಂದ ಆ ಹೊತ್ತಿಗೆ ಬಂದದ್ದು ಅದು. ತುಳುವಿನಲ್ಲಿ ಹತ್ತಕ್ಕೂ ಪತ್ತ್ ಎನ್ನುತ್ತಾರೆ ಎಂದು ಆಮೇಲೆ ಹೇಳಿದಾಗ ಹುಡುಗರು, "ಎಂಟಾದ ಮೇಲೆ ಹತ್ತಾ? ಒಂಬತ್ತು ಎಲ್ಲಿ ಹೋಯಿತು ಕೋಚ್?" ಎಂದು ನಕ್ಕರು. ಈಗ ಯಾವುದೇ ಸ್ಟಂಟ್ ಕೈ ತಪ್ಪಿದರೆ ನಮ್ಮ ತಂಡದಲ್ಲಿ "ಪ್ಯಾಟ್!" ಎಂದು ಕೂಗುತ್ತಾರೆ. ಪ್ಯಾಟ್ ಎಂಬ ಯಾರೋ ಹಳೆಯ ಕೋಚ್ ಇದ್ದಿರಬೇಕೆಂದು ಹೊಸಬರು ನಂಬಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಅವಳ ಬಿಳಿ ಟೀ ಶರ್ಟಿನ ತುಂಬ ರಕ್ತ. ತನ್ನದೇ ಎಂದುಕೊಂಡು ಅಳತೊಡಗಿದಳು. ಟ್ರೇನರ್ ಬಂದು ತಲೆ, ಕುತ್ತಿಗೆ, ಕಣ್ಣು ಎಲ್ಲ ನೋಡಿ ಇವಳಿಗೆ ಏನೂ ಆಗಿಲ್ಲ ಎಂದ ಮೇಲೆ ಹೆಡ್ ಕೋಚ್ ಹೇಳಿದ್ದು ಒಂದೇ ಮಾತು: "ಇವತ್ತೇ ಮತ್ತೆ ಮೇಲೆ ಹೋಗಬೇಕು. ಎದೆ ಎತ್ತರ ಸಾಕು, ತಿರುಗುವುದು ಬೇಡ." ಒಂದು ರಾತ್ರಿ ಮಲಗಿ ಎದ್ದರೆ ಹೆದರಿಕೆ ಬೇರು ಬಿಡುತ್ತದೆ ಎಂಬುದು ಅವರ ನಂಬಿಕೆ. ಅವಳು ನನ್ನನ್ನು ನೋಡಿದಳು. ನಾನು ಎರಡೂ ಹೊಳ್ಳೆಗೆ ಹತ್ತಿ ತುರುಕಿಕೊಂಡು ಅವಳ ಹಿಂದೆ ಹೋಗಿ ನಿಂತೆ. ಶೂ ಹಿಡಿದೆ. ಹೆಬ್ಬೆರಳು ಮುದುಡಿತ್ತು. ಎಣಿಸಿದೆ, ಮೂಗು ಕಟ್ಟಿದ ದನಿಯಲ್ಲಿ. ಹೋದಳು, ನಿಂತಳು, ಬಂದಳು, ಹಿಡಿದೆವು.

ಅಂದು ರಾತ್ರಿ ವಿಡಿಯೋ ಕಾಲಿನಲ್ಲಿ ಅಮ್ಮ "ಮೂಗಿಗೆ ಎಂಥ?" ಎಂದು ಕೇಳಲು ಬಾಯಿ ತೆರೆಯುವ ಮೊದಲೇ ನಾನು ಬಾಗಿಲು ಬಡಿಯಿತು ಎಂದುಬಿಟ್ಟೆ. ಅವರು ನಂಬಿದಂತೆ ಮಾಡಿದರು. ಡ್ರಿಲ್ ಮಾಸ್ಟ್ರಿಗೆ ಬಾಗಿಲು ಬಡಿಯಬಾರದೆಂದೇನೂ ಇಲ್ಲವಲ್ಲ. ಮೂಗನ್ನು ನೇರ ಮಾಡಿಸಬಹುದು ಎಂದು ಡಾಕ್ಟರು ಹೇಳಿದ್ದರು. ಸೀಸನ್ ನಡೆಯುತ್ತಿತ್ತು, ಆಮೇಲೆ ನೋಡೋಣ ಎಂದೆ. ಇನ್ನೂ ನೋಡಿಲ್ಲ.

ಅವಳು ಓದು ಮುಗಿಸಿ ಈಗ ಬೇರೆ ರಾಜ್ಯದಲ್ಲಿ ನರ್ಸ್ ಆಗಿದ್ದಾಳೆ. ಪ್ರತಿ ಅಕ್ಟೋಬರಿನಲ್ಲಿ ಒಂದು ಮೆಸೇಜ್ ಬರುತ್ತದೆ: "ಮೂಗು ಹೇಗಿದೆ ಕೋಚ್?"

ಎಡಕ್ಕೇ ಇದೆ ಎಂದು ಬರೆಯುತ್ತೇನೆ.